ಅನಾಥ ಟಿಪ್ಪಣಿಗಳು

ನೀಲಗಂಗಾ ಹೊಂಬಳ ತನ್ನ ಮೊದಲ ಟಿಪ್ಪಣಿ ಬರೆದದ್ದು ನಗು ತಡೆಯಲಾರದೆ.

ಗದಗಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ಆಕೆಯ ಎರಡೂ ಮೂತ್ರಪಿಂಡಗಳು ಕೈಕೊಟ್ಟಾಗ ವೈದ್ಯರು ಸೊಂಟಕ್ಕೊಂದು ಯಂತ್ರ ಕಟ್ಟಿದ್ದರು. ಅಂಗೈಯಗಲದ ಯಂತ್ರ. ಹಗಲಿರುಳೂ ಮೆಲ್ಲಗೆ ಗುಂಯ್‌ಗುಡುತ್ತ ರಕ್ತ ಸೋಸುತ್ತಿತ್ತು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಹಾಸಿಗೆಯ ಮೇಲೆ ಮಲಗುವ ಕಾಲ ಹಿಂದಾಗಿತ್ತು. ಕಂಪನಿ ಅದಕ್ಕೆ ಉದ್ದನೆಯ ಹೆಸರಿಟ್ಟಿತ್ತು. ಸೀರೆಯ ಮಡಿಲಲ್ಲಿ ಕಾಳು ಕಟ್ಟಿಕೊಂಡ ಹಾಗೆ ಕಾಣುತ್ತಿದ್ದುದರಿಂದ ಈ ಕಡೆಯ ಹೆಂಗಸರು ಅದನ್ನು 'ಉಡಿ' ಎಂದರು. ಆಮೇಲೆ ಗಂಡಸರ ಸೊಂಟದಲ್ಲಿದ್ದರೂ ಅದು ಉಡಿಯೇ ಆಯಿತು.

ಉಡಿಯ ಕೈಪಿಡಿ ಇದ್ದದ್ದು ಅಂತರ್ಜಾಲದ ಪುಟಗಳಲ್ಲಿ ಮಾತ್ರ. ಯಂತ್ರದ ಸಂಖ್ಯೆ ಒತ್ತಿದರೆ ತೆರೆಯುತ್ತಿತ್ತು. ನಕಲು ತೆಗೆಯಲು, ಮುದ್ರಿಸಲು ಬರುತ್ತಿರಲಿಲ್ಲ. ಕನ್ನಡ ಅನುವಾದವನ್ನು ಕಂಪನಿ ಕಂಪ್ಯೂಟರಿನಿಂದಲೇ ಮಾಡಿಸಿತ್ತು. "ಯಂತ್ರವು ಅತ್ತರೆ ಗಾಬರಿಯಾಗದೆ ಅದನ್ನು ಸಮಾಧಾನಪಡಿಸಿ" ಎಂಬ ಸಾಲು ಓದಿ ನೀಲಗಂಗಾ ನಕ್ಕು ನಕ್ಕು ಸುಸ್ತಾದಳು. ಆಮೇಲೆ ಯೋಚನೆ ಹತ್ತಿತು. ತಾನೇನೋ ನಕ್ಕಳು, ಯಂತ್ರ ಕೂಗಿಕೊಳ್ಳುವಾಗ ಈ ಸಾಲು ಓದಿದ ಯಾವುದೋ ಊರಿನ ಮುದುಕಿ ಏನು ಮಾಡಬೇಕು?

ಆಗಷ್ಟೇ 'ಅಂಚು' ಎಂಬ ಉಪಕರಣ ಬಳಕೆಗೆ ಬಂದಿತ್ತು. ಯಾರದೇ ಪುಟವಿರಲಿ, ಅದರ ಮೇಲೆ ಪಾರದರ್ಶಕ ಹಾಳೆಯೊಂದನ್ನು ಹಾಸಿದ ಹಾಗೆ ಅದು ಕೆಲಸ ಮಾಡುತ್ತಿತ್ತು. ಬೇಕಾದ ಸಾಲಿನ ಮೇಲೆ ಬೆರಳೆಳೆದರೆ ಬಣ್ಣ ಬೀಳುವುದು, ಪಕ್ಕದಲ್ಲಿ ಟಿಪ್ಪಣಿ ಬರೆಯಬಹುದು. ಮೂಲ ಪುಟದ ಒಂದಕ್ಷರವೂ ಕದಲುವುದಿಲ್ಲ. ಪುಟದ ಒಡೆಯನ ಅಪ್ಪಣೆಯೂ ಬೇಕಿಲ್ಲ. ಆದರೆ ಅಂಚು ಬಳಸುವ ಎಲ್ಲರಿಗೂ ಆ ಟಿಪ್ಪಣಿ ಅದೇ ಸಾಲಿನ ಪಕ್ಕದಲ್ಲೇ ಕಾಣುತ್ತದೆ, ಅವರು ಅದಕ್ಕೆ ಉತ್ತರ ಬರೆಯಬಹುದು. ತನ್ನೊಬ್ಬನಿಗೇ ಕಾಣುವ ಖಾಸಗಿ ಟಿಪ್ಪಣಿಯನ್ನೂ ಬರೆದಿಟ್ಟುಕೊಳ್ಳಬಹುದು.

ನೀಲಗಂಗಾ ಬರೆದಳು: "ಸಮಾಧಾನಪಡಿಸುವುದು ಎಂದರೆ ಕೆಂಪು ಗುಂಡಿಯನ್ನು ಒಮ್ಮೆ ಒತ್ತುವುದು. ಮುದ್ದು ಮಾಡಬೇಕಾಗಿಲ್ಲ."

ಮರುದಿನ ಅದರ ಕೆಳಗೆ ವಿಜಯಪುರದ ನರ್ಸ್ ಒಬ್ಬಳ ಉತ್ತರ ಬಂದಿತ್ತು: "ಒತ್ತಿದ ಮ್ಯಾಲೆ ಕೊಳವಿ ಎಲ್ಲರೆ ಮಡಚಿಕೊಂಡೈತೇನು ನೋಡ್ರಿ. ಬಾಳ ಸಲ ಅದ ಇರತೈತಿ." ಅದರ ಕೆಳಗೆ ಮಂಗಳೂರಿನ ರಸಾಯನಶಾಸ್ತ್ರದ ಮೇಷ್ಟ್ರು, ಯಾವ ಊರಿನ ನೀರಿಗೆ ಯಾವ ಶೋಧಕ ಬೇಗ ಕಟ್ಟಿಕೊಳ್ಳುತ್ತದೆಂದು ಬರೆದರು. ವರ್ಷ ಕಳೆಯುವುದರೊಳಗೆ ಆ ಪುಟಗಳ ಅಂಚುಗಳು ಸಂತೆಯ ಹಾಗೆ ತುಂಬಿಕೊಂಡವು. ಜನ ಜಗಳಾಡಿದರು, ತಿದ್ದಿದರು, ತಪ್ಪಾಯಿತೆಂದು ಒಪ್ಪಿಕೊಂಡರು. ಯಾರೋ ಬೀದರಿನವರು ಪ್ರಶ್ನೆ ಕೇಳಿದರೆ ಎಲ್ಲರಿಗಿಂತ ಮೊದಲು ಮಳವಳ್ಳಿಯ ಚಿಕ್ಕಲಿಂಗಯ್ಯ ಉತ್ತರಿಸುತ್ತಿದ್ದ. ಯಾತ್ರೆಯ ಬಸ್ಸು ಓಡಿಸಿ ನಿವೃತ್ತನಾದವನು. ಉಡಿ ಕಟ್ಟಿದ್ದು ಅವನ ಹೆಂಡತಿ ಸಾಕಮ್ಮನಿಗೆ. ಸಾಕಮ್ಮ ಹೃದಯಾಘಾತದಿಂದ ತೀರಿಕೊಂಡಳೆಂಬ ಸುದ್ದಿ ಬಂದ ಮೇಲೆ ಚಿಕ್ಕಲಿಂಗಯ್ಯ ಅಂಚಿಗೆ ಬರುವುದನ್ನು ಬಿಟ್ಟ. ಅವನ ಹಳೆಯ ಉತ್ತರಗಳನ್ನು ಮಾತ್ರ ಜನ ಓದುತ್ತಲೇ ಇದ್ದರು.

ಕಂಪನಿ ಮುಚ್ಚಿದ ಸುದ್ದಿ ಮೊದಲು ಉಡಿಯಿಂದಲೇ ಬಂತು.

ಬೆಳಿಗ್ಗೆ ಶಾಲೆಗೆ ಹೊರಟು ನಿಂತಿದ್ದ ನೀಲಗಂಗಾಳ ಸೊಂಟದಲ್ಲಿ ಹಸಿರು ದೀಪದ ಬದಲು ಹಳದಿ ಹೊತ್ತಿತ್ತು. ಗಂಡ ಗುರುಶಾಂತ ಪ್ರೆಸ್ಸಿಗೆ ಹೋಗುವ ಅವಸರದಲ್ಲಿದ್ದವನು ನಿಂತ.

"ಯಾಕ ನೀಲಾ, ಏನಾತು?"

"ಗೊತ್ತಾಗವಲ್ತುರೀ. ಕೈಪಿಡಿ ತೆಗಿಯೂಣು ಅಂದ್ರ ಪುಟ ತೆರಿಯವಲ್ತು."

ಹುಬ್ಬಳ್ಳಿಯ ಅಂಗಯಂತ್ರ ಪ್ರಯೋಗಾಲಯದ ಎಂಜಿನಿಯರ್ ಇಮ್ತಿಯಾಜ್ ನದಾಫನಿಗೆ ಆಕೆ ಫೋನ್ ಹಚ್ಚಿದಾಗ ಅವನ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ.

"ಮುಂಜಾನಿಂದ ಇದ ಫೋನು ಅಕ್ಕಾರ. ಕಂಪನಿ ಮುಳುಗೇತಿ. ಪುಟನೂ ಇಲ್ಲ, ಅವರ ಸರ್ವರೂ ಇಲ್ಲ. ಉಡಿ ಆಗಾಗ ಕಂಪನಿಗೆ ವರದಿ ಕಳಸತಿತ್ತಲ್ಲ, ಈಗ ಆ ಕಡಿಂದ ಉತ್ತರ ಬರವಲ್ದು. ಒಂದು ತಿಂಗಳ ದಾರಿ ನೋಡತೈತಿ. ಆಮ್ಯಾಲೆ ಬಂದ್ ಆಗತೈತಿ."

"ಬಂದ್ ಆದ್ರ?"

ಉಡಿ ಬಂದ ಮೇಲೆ ಆಸ್ಪತ್ರೆಗಳು ಡಯಾಲಿಸಿಸ್ ಹಾಸಿಗೆಗಳನ್ನು ಒಂದೊಂದಾಗಿ ತೆಗೆದುಹಾಕಿದ್ದವು. ಉಳಿದ ಹಾಸಿಗೆಗಳು ಉಡಿ ಕಟ್ಟಿದವರಲ್ಲಿ ಹತ್ತರಲ್ಲೊಬ್ಬರಿಗೂ ಸಾಲುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಒಂದು ಹಾದಿ ಐತಿ," ಎಂದ ನದಾಫ. "ನೆಟ್‌ವರ್ಕ್ ಇರಲಾರದ ಜಾಗಾಕ್ಕ ಹೋಗೂ ಮಂದಿಗೆ ಅಂತ ಕಂಪನಿಯವರು ಒಂದು ಕ್ರಮ ಬರದಿದ್ರು. ಹಂಗ ಮಾಡಿದ್ರ ಉಡಿ ಕಂಪನಿ ಹಂಗಿಲ್ಲದ ತನ್ನ ಪಾಡಿಗೆ ತಾ ನಡೀತೈತಿ. ಆದ್ರ ಅದು ಇದ್ದದ್ದು ಕೈಪಿಡಿಯ ಕಡೀ ಪುಟದಾಗ. ಯಂತ್ರದ ಬೀಗ ಒಡದು ನೋಡಾಕ ವರ್ಷಗಟ್ಟಲೆ ಬೇಕು. ಅಲ್ಲೀತನ ಯಾರು ತಡೀತಾರ್ರೀ?"

ಆ ದಿನ ನೀಲಗಂಗಾ ಶಾಲೆಗೆ ಹೋಗಲಿಲ್ಲ. ಅಭ್ಯಾಸಬಲದಿಂದ ಅಂಚನ್ನು ತೆರೆದಳು. ಪುಟವಿಲ್ಲದ ಕಡೆ ಟಿಪ್ಪಣಿ ಎಲ್ಲಿ ಅಂಟಿಕೊಳ್ಳಬೇಕು? ಅಷ್ಟೂ ಟಿಪ್ಪಣಿಗಳನ್ನು ಅಂಚು ಒಂದು ಕಡೆ ರಾಶಿ ಹಾಕಿ ಮೇಲೆ 'ಅನಾಥ ಟಿಪ್ಪಣಿಗಳು' ಎಂದು ಬರೆದಿತ್ತು. ಇಷ್ಟು ವರ್ಷ ಅಷ್ಟು ಜನ ಸೇರಿ ಕಟ್ಟಿದ್ದು ಹೀಗೆ ಬೀದಿಗೆ ಬಿದ್ದುದನ್ನು ಕಂಡು ಆಕೆಯ ಕಣ್ಣು ತುಂಬಿತು. ಸುಮ್ಮನೆ ಒಂದೊಂದನ್ನೇ ತೆರೆಯುತ್ತ ಹೋದಳು.

ಪ್ರತಿ ಟಿಪ್ಪಣಿಯ ಮೇಲೂ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ಒಂದು ಸಾಲಿತ್ತು. ಟಿಪ್ಪಣಿ ತನ್ನ ಜಾಗವನ್ನು ಮರೆಯದಿರಲೆಂದು ಅಂಚು ಆ ಜಾಗದ ಮಾತನ್ನು, ಅದರ ಹಿಂದಿನ ಮತ್ತು ಮುಂದಿನ ಕೆಲವು ಪದಗಳ ಸಮೇತ ಎತ್ತಿಟ್ಟುಕೊಳ್ಳುತ್ತಿತ್ತು. "...ಗಾಬರಿಯಾಗದೆ ಅದನ್ನು ಸಮಾಧಾನಪಡಿಸಿ. ಕೊಳವೆಯ ಬಾಲವು..." ಎಂದು ಒಂದರ ಮೇಲಿತ್ತು. ಮತ್ತೊಂದರ ಮೇಲೆ "...ಸಮಾಧಾನಪಡಿಸಿ. ಕೊಳವೆಯ ಬಾಲವು ಎಡಕ್ಕೆ ನೋಡುತ್ತಿರಲಿ. ನಂತರ..."

ಒಂದರ ಬಾಲ ಇನ್ನೊಂದರ ತಲೆ.

ಆಕೆ ತಟ್ಟನೆ ಎದ್ದು ನಿಂತಳು. ಗೋಡೆ ಬಿದ್ದರೂ ಗೋಡೆಗೆ ಮೆತ್ತಿದ ಚೀಟಿಗಳ ಬೆನ್ನಿಗೆ ಗೋಡೆಯ ಸುಣ್ಣ ಅಂಟಿಕೊಂಡು ಬಂದಿತ್ತು. ಚೀಟಿಗಳನ್ನು ಸರಿಯಾಗಿ ಜೋಡಿಸಿದರೆ ಗೋಡೆಯೇ ಮತ್ತೆ ನಿಲ್ಲಬಹುದು.

ನದಾಫ ಮೊದಲು ಕಂಪ್ಯೂಟರಿಗೇ ಜೋಡಿಸಲು ಹೇಳಿದ. ಅದು ಅರ್ಧ ಕೆಲಸ ಮಾಡಿ ಗೊಂದಲಕ್ಕೆ ಬಿತ್ತು. "ಗುಂಡಿ ಒತ್ತಿ", "ದೀಪ ಹತ್ತುವವರೆಗೆ ಕಾಯಿರಿ" ಎಂಬಂಥ ಮಾತುಗಳು ಕೈಪಿಡಿಯಲ್ಲಿ ನೂರೆಂಟು ಕಡೆ ಬರುತ್ತಿದ್ದವು. ಯಾವ ಗುಂಡಿ ಯಾವ ದೀಪಕ್ಕೆ ಸೇರಿದ್ದೆಂದು ಅದಕ್ಕೆ ತಿಳಿಯದು. ಬರೆದವರಿಗೆ ತಿಳಿಯುತ್ತಿತ್ತು. ನೀಲಗಂಗಾ ಅಂಚಿನ ಮಂದಿಗೆಲ್ಲ ಕರೆ ಕಳಿಸಿದಳು: "ನಿಮ್ಮ ನಿಮ್ಮ ಟಿಪ್ಪಣಿಗಳನ್ನು ಮನೆಗೆ ಸೇರಿಸಲು ಬನ್ನಿ."

ಬಂದರು. ವಿಜಯಪುರದ ನರ್ಸ್ ಪಾಳಿ ಮುಗಿಸಿ ಬಂದು ಕೂತಳು. ಮಂಗಳೂರಿನ ಮೇಷ್ಟ್ರು ದ್ರಾವಣಗಳ ಅಧ್ಯಾಯವನ್ನು ತಮ್ಮದೆಂದು ಹಿಡಿದುಕೊಂಡರು. ತೀರಿಹೋದವರ ಟಿಪ್ಪಣಿಗಳಿಗೆ ಅವರ ಮನೆಯವರು ಬಂದರು. ಅತ್ತೆ ಬರೆದದ್ದನ್ನು ಸೊಸೆ ಕೂತು ಜೋಡಿಸಿದಳು. ಗುರುಶಾಂತ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಮುಗಿಸಿ ಬಂದವನೇ ಹೆಂಡತಿಯ ಪಕ್ಕದಲ್ಲಿ ಕುರ್ಚಿ ಎಳೆದುಕೊಳ್ಳುತ್ತಿದ್ದ. "ಇದು ಇಲ್ಲಿಗೆ ಕೂಡೂದಿಲ್ಲ ನೀಲಾ, ಇಲ್ಲಿ ಏಕವಚನ ಐತಿ, ಅಲ್ಲಿ ಬಹುವಚನ," ಎಂದು ಅವನು ಹೇಳಿದ ಕಡೆಯಲ್ಲೆಲ್ಲ ತಪ್ಪಾಗಿ ಕೂಡಿಸಿದ್ದು ಸಿಕ್ಕಿಬೀಳುತ್ತಿತ್ತು. ಅಡುಗೆ ತಡವಾದರೆ ಪಕ್ಕದ ಮನೆಯಿಂದ ರೊಟ್ಟಿ ಬರುತ್ತಿತ್ತು.

ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ಒಂದು ಗೋಡೆಯಗಲಕ್ಕೂ ಪರದೆಯಿತ್ತು. ಪೂರ್ತಿ ಕತ್ತಲಾಗಿದ್ದ ಕೈಪಿಡಿ ಅಲ್ಲಿ ಸಾಲುಸಾಲಾಗಿ ಬೆಳಗತೊಡಗಿತು. ಒಂದು ದಿನ ನೀಲಗಂಗಾ ಅಲ್ಲಿಗೆ ಹೋದಾಗ ನದಾಫ ಕೈಕಟ್ಟಿ ಆ ಗೋಡೆಯನ್ನೇ ನೋಡುತ್ತ ನಿಂತಿದ್ದ.

"ನೋಡ್ರಿ ಅಕ್ಕಾರ. ಮಂದಿಗೆ ಎಲ್ಲೆಲ್ಲಿ ತ್ರಾಸ ಆಗೇತೋ ಅಲ್ಲೆಲ್ಲಾ ಬೆಳಕು. ಯಾರಿಗೂ ತ್ರಾಸ ಆಗಲಾರದ ಸಾಲು ಒಂದೂ ಉಳಿದಿಲ್ಲ. ಕಂಪನಿಯವರು ತಮ್ಮ ಹೊಗಳಿಕಿ ಬರಕೊಂಡಿದ್ರಲ್ಲ ಮೊದಲನೇ ಪುಟದಾಗ, ಅದು ಪೂರಾ ಹೋಗೇತಿ."

ಇಬ್ಬರೂ ನಕ್ಕರು. ಆದರೆ ಪರದೆಯ ಕೊನೆಯ ಮೂಲೆಗೆ ಕಣ್ಣು ಹೋದಾಗ ನಗು ನಿಂತಿತು. ಅವರಿಗೆ ಬೇಕಾಗಿದ್ದ ಪುಟ ಅದೇ. ನೆಟ್‌ವರ್ಕ್ ಇಲ್ಲದ ಊರಿಗೆ ಹೋದವರು ಕಡಿಮೆ, ಹಾಗಾಗಿ ಅಲ್ಲಿ ಟಿಪ್ಪಣಿಗಳೂ ಕಡಿಮೆ. ಒಂದರಿಂದ ನಾಲ್ಕನೆಯ ಹಂತದವರೆಗೆ ಸಿಕ್ಕಿತ್ತು. ಆರು ಮತ್ತು ಏಳು ಸಿಕ್ಕಿದ್ದವು. ಐದನೆಯದು ಇರಲಿಲ್ಲ.

ಐದನ್ನು ಬಿಟ್ಟು ನದಾಫ ಪ್ರಯತ್ನಿಸಿ ನೋಡಿದ್ದ. ಮೂರು ಸಲ ತಪ್ಪಿದರೆ ಯಂತ್ರ ಶಾಶ್ವತವಾಗಿ ಬೀಗ ಹಾಕಿಕೊಳ್ಳುತ್ತಿತ್ತು. ಪ್ರಯೋಗಾಲಯದ ಎರಡು ಉಡಿಗಳು ಹಾಗೆ ಸತ್ತಿದ್ದವು. ಒಂದೇ ಉಳಿದಿತ್ತು. ಅಷ್ಟರಲ್ಲಿ ತಿಂಗಳು ಮುಗಿಯುತ್ತ ಬಂದು ನೀಲಗಂಗಾಳ ಉಡಿಯ ಹಳದಿ ದೀಪ ಮಿನುಗಲು ಶುರುಮಾಡಿತ್ತು.

"ಇಲ್ಲಿ ಇನ್ನೊಂದು ಐತಿ," ಎಂದಳು ನೀಲಗಂಗಾ ಪರದೆಯ ಹತ್ತಿರ ಹೋಗಿ. ಆ ಪುಟದ ಲೆಕ್ಕಕ್ಕೆ ಸೇರಿದ ಒಂದು ಬೀಗದ ಚಿತ್ರ ಅಲ್ಲಿತ್ತು. ಖಾಸಗಿ ಟಿಪ್ಪಣಿ. ಅದು ಬರೆದ ಫೋನಿನಲ್ಲಷ್ಟೇ ತೆರೆಯುವುದು; ಒಳಗೇನಿದೆಯೆಂದು ಅಂಚನ್ನು ನಡೆಸುವವರಿಗೂ ತಿಳಿಯದು. ಬರೆದವರ ಹೆಸರಷ್ಟೇ ಹೊರಗೆ.

ಚಿಕ್ಕಲಿಂಗಯ್ಯ, ಮಳವಳ್ಳಿ.

ಫೋನಿಗೆ ಅವನು ಸಿಗಲಿಲ್ಲ. ಗಂಡ ಹೆಂಡತಿ ಮೈಸೂರಿನ ರೈಲು ಹತ್ತಿದರು. "ಈ ಸ್ಥಿತಿಯೊಳಗ ನೀ ಬರೂದು ಬ್ಯಾಡ," ಎಂದು ಗುರುಶಾಂತ ಹೇಳಿ ನೋಡಿದ. "ನಾ ಹೋಗಲಿಲ್ಲಂದ್ರ ಅವರು ಯಾರ ಮಾರಿ ನೋಡಿ ಕೊಡಬೇಕ್ರೀ?" ಎಂದಳು.

ಮಳವಳ್ಳಿಯ ಓಣಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಎತ್ತರದ ಮುದುಕ ತಲೆಯೆತ್ತಿ ನೋಡಿದ.

"ಯಾರವ್ವಾ?"

"ನಾನ್ರೀ, ಗದಗಿನ ನೀಲಗಂಗಾ. ಅಂಚಿನಾಗ ನಿಮ್ಮ ಕೂಡ ಜಗಳಾಡತಿದ್ನಲ್ರೀ, ಉಪ್ಪಿನ ವಿಷಯಕ್ಕ."

ಮುದುಕನ ಮುಖ ಅರಳಿತು. "ಅಯ್ಯೋ, ಟೀಚರಮ್ಮ! ಬಾ ತಾಯಿ, ಒಳೀಕ್ಕೆ ಬಾ. ನೀವೂ ಬನ್ನಿ ಬುದ್ಧಿ." ಮಜ್ಜಿಗೆ ಬಂತು. ಅವಳ ಸೊಂಟದಲ್ಲಿ ಮಿನುಗುತ್ತಿದ್ದ ಹಳದಿ ದೀಪವನ್ನು ನೋಡಿ ಅವನ ಕೈ ಲೋಟದ ಮೇಲೇ ನಿಂತಿತು. ಅವಳು ಎಲ್ಲವನ್ನೂ ಹೇಳಿದಳು.

"ಬದ್ರಿ ಯಾತ್ರೆಗೆ ಹೋದಾಗ ಮಾಡಿದ್ದೆ ಕಣವ್ವ," ಎಂದ ಚಿಕ್ಕಲಿಂಗಯ್ಯ ಕೊನೆಗೆ. "ಮ್ಯಾಕ್ ಹತ್ತೋಕ್ ಮುಂಚೆ, ಕೆಳೀಕ್ ಒಂದೂರಲ್ಲಿ ಬಸ್ ನಿಲ್ಸಿ. ಪುಟ ನೋಡ್ಕಂಡು ಅದ್ಯಾವ್ದು ಒತ್ತು ಅಂದ್ರೆ ಅದ್ನ ಒತ್ದೆ. ಈಗ ಒಂದೂ ನೆಪ್ಪಿಲ್ಲ. ಅವ್ಳ ಮೊಕ ಒಂದೇ ನೆಪ್ಪು."

"ನೀವು ಅದರ ಮ್ಯಾಲೆ ಏನೋ ಬರದೀರಿ."

"ಬರ್ದಿದ್ದೀನಿ." ಅವನು ಗೋಡೆಯ ಕಡೆ ತಿರುಗಿದ. "ಅದು ಅವ್ಳ ಫೋನಲ್ಲಿ ಅದೆ. ಅವ್ಳು ಹೋದ್ ಮ್ಯಾಕೆ ನಾನು ಅದ್ನ ಮುಟ್ಟಿಲ್ಲ. ಆಚೆ ಬೀದಿಯೋರು ತಿಥಿಗೆ ಫೋಟೊ ಇದ್ರೆ ಕೊಡಿ ಅಂದ್ರು, ಅದ್ಕೂ ತೆಗೀಲಿಲ್ಲ."

ಒತ್ತಾಯ ಮಾಡಲು ನೀಲಗಂಗಾಗೆ ಮನಸ್ಸಾಗಲಿಲ್ಲ. ಆದರೆ ಅವಳ ಬೆನ್ನ ಹಿಂದೆ ಬೀದರಿನಿಂದ ಚಾಮರಾಜನಗರದವರೆಗೆ ಹಳದಿ ದೀಪಗಳು ಮಿನುಗುತ್ತಿದ್ದವು; ಅದನ್ನೂ ಮರೆಯುವಂತಿರಲಿಲ್ಲ. "ಮ್ಯಾಲಿನ ಸಾಲು ಅಷ್ಟು ಸಾಕ್ರಿ," ಎಂದಳು ಮೆತ್ತಗೆ. "ಕಂಪನಿ ಬರದ ಸಾಲು. ನಿಮ್ಮ ಮಾತು ನಿಮ್ಮ ಹತ್ರನ ಇರಲಿ. ನಾ ಓದೂದಿಲ್ಲ."

ಚಿಕ್ಕಲಿಂಗಯ್ಯ ಎದ್ದು ಒಳಗೆ ಹೋದ. ಪೆಟ್ಟಿಗೆ ತೆರೆದ ಸದ್ದಾಯಿತು. ಹೂವಿನ ಚಿತ್ರದ ಹೊದಿಕೆಯ ಹಳೆಯ ಫೋನನ್ನು ತಂದು ಚಾರ್ಜಿಗೆ ಹಾಕಿದ. ಅದು ಜೀವ ಹಿಡಿಯುವವರೆಗೆ ಮೂವರೂ ಕೂತು ಉಳಿದ ಅವರೆಕಾಯಿ ಸುಲಿದರು. ಸಾಕಮ್ಮನಿಗೆ ಬಸ್ಸಿನ ಮುಂದಿನ ಸೀಟೇ ಬೇಕಾಗುತ್ತಿತ್ತೆಂದೂ, ತಿರುವಿನಲ್ಲಿ ಅವಳೇ ಹಾರ್ನ್ ಒತ್ತುತ್ತಿದ್ದಳೆಂದೂ ಅವನು ಹೇಳಿದ.

ಪರದೆ ಬೆಳಗಿತು. ಅವನು ಅಂಚನ್ನು ತೆರೆದ, ಬೀಗದ ಚಿತ್ರವನ್ನು ಮುಟ್ಟಿದ, ಓದಿದ. ಬಹಳ ಹೊತ್ತು ಓದಿದ. ಆಮೇಲೆ ಫೋನನ್ನು ಅವಳ ಕೈಗೇ ಕೊಟ್ಟುಬಿಟ್ಟ.

"ನೀನೇ ಓದವ್ವ. ಪೂರ್ತಿ ಓದು. ನನ್ ಕಣ್ಣು ಮಂಜಾಗ್ಯದೆ."

ಮೇಲೆ ಬೂದು ಅಕ್ಷರಗಳಲ್ಲಿ ಕಂಪನಿಯ ಸೊಟ್ಟ ಕನ್ನಡವಿತ್ತು: "...ನಾಲ್ಕು ಮುಗಿಯಿತು. ಐದು: ಜೊತೆಗಿರುವವರು ತಮ್ಮ ಹಸ್ತವನ್ನು ಯಂತ್ರದ ಬೆನ್ನಿಗೆ ದಯಪಾಲಿಸಿ, ಅದು ನಡುಗುವುದನ್ನು ಬಿಡುವ ತನಕ ಹಿಂಪಡೆಯಬಾರದು. ಆರು: ಈಗ..."

ಅದರ ಕೆಳಗೆ ಚಿಕ್ಕಲಿಂಗಯ್ಯ ಬರೆದಿದ್ದ: "ಸಾಕಿಗೆ ವಿಪರೀತ ಚಳಿ. ಕೈ ಮಡಗಿದ್ದೆ. ನಡುಕ ನಿಂತೋಯ್ತು, ತೆಗೀಲಾ ಅಂದೆ. ಇನ್ನೊಂದ್ ವಸಿ ಹೊತ್ತು ಹಂಗೇ ಮಡಗಿರಿ ಅಂದ್ಲು. ಬಸ್ಸಿನೋರೆಲ್ಲ ಕಾಯ್ತಾವ್ರೆ. ಕಾಯ್ಲಿ."

ನೀಲಗಂಗಾ ಕಂಪನಿಯ ಸಾಲನ್ನು ಫೋನಿನಲ್ಲಿ ನದಾಫನಿಗೆ ಓದಿ ಹೇಳಿದಳು. ಆ ಕಡೆಯಿಂದ ಮೇಜು ಕುಟ್ಟಿದ ಸದ್ದು.

"ಅಂಗೈ! ಬೆನ್ನಿನ ಕಡೆ ಶಾಖ ಅಳೆಯೂ ಬಿಲ್ಲೆ ಒಂದು ಐತಿ ಅಕ್ಕಾರ. ಯಾಕ ಐತಿ ಅಂತ ನನಗ ಎಂದೂ ತಿಳಿದಿರಲಿಲ್ಲ. ಇನ್ನ ಮ್ಯಾಲೆ ಕಂಪನಿ ಕಣ್ಣಿಡೂದಿಲ್ಲ ಅಂದ ಮ್ಯಾಲೆ, ರೋಗಿ ಜೋಡಿ ಇನ್ನೊಬ್ಬರು ಅದಾರೋ ಇಲ್ಲೋ ಅಂತ ಯಂತ್ರ ನೋಡತಿರಬೇಕು. ನಾವು ಅದನ್ನ ಟೇಬಲ್ ಮ್ಯಾಲೆ ಅಂಗಾತ ಮಲಗಿಸಿ ಗುಂಡಿ ಒತ್ತಾಕತ್ತಿದ್ವಿ. ತಡೀರಿ, ಫೋನ್ ಇಡಬ್ಯಾಡ್ರಿ."

ಪ್ರಯೋಗಾಲಯದಲ್ಲಿ ಉಳಿದಿದ್ದ ಒಂದೇ ಉಡಿಯನ್ನು ರೋಗಿಯ ಮೈಯ ಬದಲಿಗೆ ಬೆಚ್ಚನೆಯ ನೀರಿನ ಚೀಲಕ್ಕೆ ಕಟ್ಟಿ, ಅದರ ಬೆನ್ನಿಗೆ ಅವನು ತನ್ನ ಅಂಗೈ ಇಟ್ಟ. ಮಳವಳ್ಳಿಯಲ್ಲಿ ಮೂವರೂ ಫೋನಿನತ್ತ ಬಾಗಿ ಕೂತರು. ಫೋನಿನಲ್ಲಿ ಯಂತ್ರದ ನಡುಕ ಸಣ್ಣಗೆ ಕೇಳಿಸುತ್ತಿತ್ತು. ನಿಂತಿತು. ಗುಂಡಿಗಳ ಸದ್ದು. ಆಮೇಲೆ ನದಾಫನ ದನಿ, ಒಡೆದುಹೋದ ದನಿ:

"ಹಸಿರು, ಅಕ್ಕಾರ. ಹಸಿರು."

ಅಲ್ಲೇ ನೀಲಗಂಗಾಳ ಉಡಿಗೂ ಮಾಡಿದರು. ಒಂದು, ಎರಡು, ಮೂರು, ನಾಲ್ಕು. ಗುರುಶಾಂತ ಅಂಗೈ ಒರೆಸಿಕೊಂಡು ಯಂತ್ರದ ಬೆನ್ನಿಗಿಟ್ಟ. ಮದುವೆಯಾಗಿ ಇಷ್ಟು ವರ್ಷವಾದರೂ ಪರರ ಮನೆಯಲ್ಲಿ, ಪರರೆದುರು ಹೆಂಡತಿಯ ಸೊಂಟಕ್ಕೆ ಕೈಯಿಟ್ಟು ಕೂತದ್ದು ಅವನಿಗೆ ಇದೇ ಮೊದಲು; ಕಿವಿ ಕೆಂಪಾಯಿತು. ಅವನ ಕೈಯೂ ನಡುಗುತ್ತಿತ್ತು, ಯಂತ್ರವೂ ನಡುಗುತ್ತಿತ್ತು, ಯಾವುದು ಯಾವುದೆಂದು ತಿಳಿಯುವಂತಿರಲಿಲ್ಲ. ನಿಧಾನಕ್ಕೆ ಎರಡೂ ನಿಂತವು. ಹಸಿರು ದೀಪ ಹೊತ್ತಿತು.

ಚಿಕ್ಕಲಿಂಗಯ್ಯ ಅದನ್ನು ನೋಡಿ, ಹೆಂಡತಿಯ ಫೋನನ್ನು ಎತ್ತಿಕೊಂಡ.

"ಟೀಚರಮ್ಮ, ಈ ಬೀಗ ತೆಗ್ಯೋದು ಎಂಗೆ? ಎಲ್ರಿಗೂ ಕಾಣೋ ಅಂಗೆ."

"ಪೂರಾ ಕಾಣತೈತ್ರಿ ಆಗ. ನೀವು ಬರದಿದ್ದೂ."

"ಕಾಣ್ಲಿ. ಕಂಪ್ನಿಯೋರ್ ಕನ್ನಡ ಯಾರ್ಗೆ ಅರ್ಥವಾದದು? ಅವ್ಳ ಮಾತು ಅರ್ಥವಾಯ್ತದೆ."

ಅವಳು ತೋರಿಸಿದ ಕಡೆ ಅವನೇ ಬೆರಳಿಟ್ಟು ಒತ್ತಿದ. ಹುಬ್ಬಳ್ಳಿಯ ಗೋಡೆಯ ಮೇಲೆ ಕತ್ತಲಾಗಿದ್ದ ಐದನೆಯ ಸಾಲು ಬೆಳಗಿತು.

ಊರಿಗೆ ಮರಳಿದ ಮೇಲೆ ನೀಲಗಂಗಾ ಮರಳಿ ಕಟ್ಟಿದ ಆ ಪುಟವನ್ನು ದಿನವೂ ತೆರೆದಳು. ಸಾಕಮ್ಮನ ಮಾತಿನ ಕೆಳಗೆ ಉತ್ತರಗಳು ಬೆಳೆಯುತ್ತಿದ್ದವು. ಒಂದು ಸಂಜೆ ಚಿಕ್ಕಲಿಂಗಯ್ಯನ ಫೋನ್ ಬಂತು. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿತ್ತಂತೆ, ಪರದೆ ನೋಡಬಾರದಂತೆ. "ಏನ್ ಬರ್ದವ್ರೆ ಜನ? ವಸಿ ಓದವ್ವ," ಎಂದ.

ಅವಳು ಹಿತ್ತಿಲ ಕಟ್ಟೆಯ ಮೇಲೆ ಕೂತು ಓದಿದಳು. "ರಾಯಚೂರಿನಿಂದ: ನನ್ನ ಮಗಳು ಕೈ ಇಟ್ಟಳು. ನಡೀತು." "ಪುತ್ತೂರಿನಿಂದ: ಪಕ್ಕದ ಮನೆಯ ಬ್ಯಾರಿಗಳು ಬಂದು ಕೈ ಇಟ್ಟರು. ಚಾ ಕುಡಿದು ಹೋದರು." "ಚಿಂತಾಮಣಿಯಿಂದ: ನಾನೊಬ್ಬನೇ ಇರೋದು. ನನ್ನ ಕೈನೇ ಇಟ್ಕೊಂಡೆ. ಅದಕ್ಕೂ ಒಪ್ಪಿಕೊಳ್ತು." ಅದರ ಕೆಳಗೆ ಯಾರೋ ಅವನ ಊರಿನವರೇ ಬರೆದಿದ್ದರು: "ಮುಂದಿನ ಸಲ ಹೇಳಿ ಅಣ್ಣ, ಬರ್ತೀವಿ." "ಬಸವಕಲ್ಯಾಣದಿಂದ: ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ತಮ್ಮ ಬಂದು ಕೈ ಇಟ್ಟಾನ. ನಡುಕ ನಿಂತ ಮ್ಯಾಲೂ ತೆಗೀಲಿಲ್ಲ."

ಆ ಕಡೆಯಿಂದ ಸದ್ದಿರಲಿಲ್ಲ. ಕರೆ ಕಡಿದುಹೋಯಿತೇನೋ ಎಂದುಕೊಂಡಳು.

"ಅದೀರೇನ್ರೀ?"

"ಇವ್ನಿ ಕಣವ್ವ," ಎಂದ ಚಿಕ್ಕಲಿಂಗಯ್ಯ. "ಇನ್ನೊಂದ್ ಓದು."